ನಾಲ್ಕು ಬೋಲ್ಟುಗಳ ಮೇಲೆ ನಿಂತ ಕಥೆ

ಕಾರಿನ ಹುಚ್ಚಿರುವ ನಾಲ್ಕು ಜನ ಒಂದು ಕಡೆ ಕೂತರೆ ಮಾತು ಹಾರ್ಸ್‌ಪವರ್‌ನಿಂದ ಶುರುವಾಗಿ ಹಾರ್ಸ್‌ಪವರ್‌ನಲ್ಲೇ ಮುಗಿಯುತ್ತೆ. ಪುಟ್ಟ ಸ್ಪೋರ್ಟ್ಸ್ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದ ಸುದ್ದಿ ಬಂದರಂತೂ ಕೇಳೋದೇ ಬೇಡ. ‘ಅದಕ್ಕೆ ವಿ8 ಹಾಕಿದಾನಂತೆ ಕಣೋ’ ಅಂದರೆ ಸಾಕು, ಎಲ್ಲರ ಕಣ್ಣೂ ಅರಳುತ್ತೆ. ಆ ಎಂಜಿನ್ ಯಾವುದರ ಮೇಲೆ ಕೂತಿದೆ, ಅದರ ಅಡಿಯಲ್ಲಿ ಏನಿದೆ ಅಂತ ಯಾರೂ ಕೇಳಲ್ಲ. ಆದರೆ ಎಂಜಿನ್ ಬದಲಾವಣೆಯ ಇತಿಹಾಸ ಓದುತ್ತಾ ಹೋದರೆ ಎಷ್ಟೋ ಕಡೆ ಸೋಲು ಗೆಲುವು ತೀರ್ಮಾನ ಆಗಿರೋದು ಆ ಅಡಿಯಲ್ಲೇ. ಅಲ್ಲಿ ಅಡ್ಡಲಾಗಿ ಮಲಗಿರುವ ಒಂದು ಉಕ್ಕಿನ ತೊಲೆಯ ಹತ್ತಿರ. ಅದರ ಹೆಸರು ಕ್ರಾಸ್‌ಮೆಂಬರ್.

ಮೊದಲು ಅದೇನು ಅಂತ ನೋಡಿಬಿಡೋಣ. ಕಾರಿನ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಉಕ್ಕಿನ ಹಳಿಗಳು ಇರುತ್ತವೆ. ಇವೆರಡನ್ನೂ ಅಡ್ಡಲಾಗಿ ಕಟ್ಟುವುದೇ ಕ್ರಾಸ್‌ಮೆಂಬರ್. ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಮೂರು ಕೆಲಸ. ಒಂದು, ಮುಂದಿನ ಎರಡು ಚಕ್ರಗಳ ಸಸ್ಪೆನ್ಷನ್ ಹಿಡಿದುಕೊಳ್ಳೋದು. ಎರಡು, ಹಳಿಗಳು ಒಂದು ಮುಂದಕ್ಕೆ ಒಂದು ಹಿಂದಕ್ಕೆ ಜಾರದ ಹಾಗೆ ಚೌಕಟ್ಟನ್ನು ಚೌಕವಾಗಿಯೇ ಇಡೋದು. ಬೆಂಕಿಪೊಟ್ಟಣದ ಹೊರಕವಚವನ್ನು ಬೆರಳಲ್ಲಿ ಒತ್ತಿ ನೋಡಿ, ಅದು ಓರೆಯಾಗುತ್ತಲ್ಲ, ಅದನ್ನು ತಡೆಯೋದು ಅಂದುಕೊಳ್ಳಿ. ಮೂರು, ಕೆಲವು ಕಾರುಗಳಲ್ಲಿ ಎಂಜಿನ್ನಿನ ಭಾರ ಹೊರೋದು. ತೊಂದರೆ ಏನಪ್ಪಾ ಅಂದ್ರೆ, ಎಂಜಿನ್ನಿನ ಅತ್ಯಂತ ಕೆಳಗಿನ ಭಾಗವಾದ ಆಯಿಲ್ ಸಂಪ್‌ಗೂ ಅದೇ ಜಾಗ ಬೇಕು. ನಮ್ಮ ಮೆಕ್ಯಾನಿಕ್‌ಗಳು ಚೇಂಬರ್ ಅಂತಾರಲ್ಲ, ಅದು. ಹಾಗಾಗಿ ಹೊಸ ಎಂಜಿನ್ ಇಳಿಸುವಾಗ ಮೊದಲ ಜಗಳ ಸಂಪ್‌ಗೂ ಕ್ರಾಸ್‌ಮೆಂಬರ್‌ಗೂ. ಎರಡನೇ ಜಗಳ ಸ್ಟೇರಿಂಗ್ ಜೊತೆ.

ಈ ಜಗಳದ ಒಂದು ಪ್ರಸಿದ್ಧ ಉದಾಹರಣೆ ಸನ್‌ಬೀಮ್ ಟೈಗರ್. ಬ್ರಿಟನ್ನಿನ ರೂಟ್ಸ್ ಕಂಪನಿ ಸನ್‌ಬೀಮ್ ಆಲ್ಪೈನ್ ಅನ್ನುವ ಚೆಂದದ ಎರಡು ಸೀಟಿನ ಕಾರು ಮಾಡುತ್ತಿತ್ತು. ನೋಡೋಕೆ ಚೆನ್ನ, ಓಟ ಮಾತ್ರ ಸಾಧಾರಣ. ಕಂಪನಿಯ ಪರವಾಗಿ ಕ್ಯಾಲಿಫೋರ್ನಿಯಾದಲ್ಲಿ ಮಾರಾಟ ನೋಡಿಕೊಳ್ಳುತ್ತಿದ್ದ ಇಯಾನ್ ಗ್ಯಾರಡ್‌ಗೆ ಇದಕ್ಕೆ ಅಮೆರಿಕದ ವಿ8 ಹಾಕಿದರೆ ಹೇಗೆ ಅನ್ನಿಸಿತು. ಯಾವ ಎಂಜಿನ್ ಹಿಡಿಸಬಹುದು ಅಂತ ಅವರ ಸರ್ವಿಸ್ ಮ್ಯಾನೇಜರ್ ವಾಲ್ಟರ್ ಮೆಕೆಂಜಿ ಒಂದು ಮರದ ಗಜಕೋಲು ಹಿಡಿದು ಶೋರೂಂಗಳಿಗೆ ಹೋಗಿ ಅಳತೆ ತೆಗೆದರಂತೆ. ಫೋರ್ಡ್ ಕಂಪನಿಯ 260 ಘನ ಇಂಚಿನ ವಿ8 ಹೊಂದುವ ಹಾಗೆ ಕಂಡಿತು. 1963ರಲ್ಲಿ ಕ್ಯಾರಲ್ ಶೆಲ್ಬಿ ಈ ಕೆಲಸಕ್ಕೆ ಎಂಟು ವಾರ, 10,000 ಡಾಲರ್ ಕೇಳಿದರು. ಅಷ್ಟು ದಿನ ಕಾಯುವ ತಾಳ್ಮೆ ಇಲ್ಲದೆ ಗ್ಯಾರಡ್, ರೇಸ್ ಚಾಲಕ ಕೆನ್ ಮೈಲ್ಸ್ ಕೈಲಿ ಸುಮಾರು 800 ಡಾಲರಿನಲ್ಲಿ ಇನ್ನೊಂದು ಕಾರು ಮಾಡಿಸಿದರು. ಆಗುತ್ತೋ ಇಲ್ಲವೋ ಅಂತ ತೋರಿಸೋಕೆ ಅದು ಸಾಕಾಗಿತ್ತು.

ಆಗುತ್ತೆ ಅನ್ನೋದೇನೋ ಗೊತ್ತಾಯಿತು. ಆದರೆ ಆಲ್ಪೈನ್‌ನ ಹಳೆಯ ಸ್ಟೇರಿಂಗ್ ಬಾಕ್ಸ್ ಇರುವ ಕಡೆ ವಿ8 ಕೂರುತ್ತಿರಲಿಲ್ಲ. ಅದನ್ನು ತೆಗೆದು ರ‍್ಯಾಕ್ ಅಂಡ್ ಪಿನಿಯನ್ ಸ್ಟೇರಿಂಗ್ ಹಾಕಬೇಕಾಯಿತು. ಎಂಜಿನ್ ಎಷ್ಟು ಬಿಗಿಯಾಗಿ ಕೂತಿತ್ತು ಅಂದರೆ, ಒಂದು ಸ್ಪಾರ್ಕ್ ಪ್ಲಗ್ ಬಿಚ್ಚೋಕೆ ಕ್ಯಾಬಿನ್ ಮತ್ತು ಎಂಜಿನ್ ನಡುವಿನ ಗೋಡೆಯಲ್ಲೇ ಒಂದು ತೂತು ಕೊಡಬೇಕಾಯಿತು. ಟೈಗರ್‌ಗಳನ್ನು ಜೋಡಿಸುತ್ತಿದ್ದ ಜೆನ್ಸನ್ ಕಾರ್ಖಾನೆಯಲ್ಲಿ, ಬಣ್ಣ ಹೊಡೆದು ಬಂದ ಬಾಡಿಯ ಆ ಗೋಡೆಯನ್ನು ದೊಡ್ಡ ಸುತ್ತಿಗೆಯಿಂದ ಬಡಿದು ಜಾಗ ಮಾಡುತ್ತಿದ್ದರು. ಹೊಸ ಕಾರಿಗೆ, ಅದೂ ಕಾರ್ಖಾನೆಯಲ್ಲೇ!

ಅದರ ಕೊನೆಯೂ ಇದೇ ಇಕ್ಕಟ್ಟಿನಿಂದ ಬಂತು. ರೂಟ್ಸ್ ಕಂಪನಿ ಕ್ರಮೇಣ ಕ್ರೈಸ್ಲರ್ ಕೈಗೆ ಹೋಯಿತು. ಕ್ರೈಸ್ಲರ್ ಹೆಸರಿನ ಕಾರಿನಲ್ಲಿ ಎದುರಾಳಿ ಫೋರ್ಡಿನ ಎಂಜಿನ್ ಇರೋದು ಯಾವ ಯಜಮಾನನಿಗೆ ಹಿಡಿಸುತ್ತೆ? ಕ್ರೈಸ್ಲರ್ ಹತ್ತಿರವೂ ಸಣ್ಣ ವಿ8 ಇತ್ತು. ಆದರೆ ಫೋರ್ಡ್ ಎಂಜಿನ್ನಿನ ಡಿಸ್ಟ್ರಿಬ್ಯೂಟರ್ ಮುಂದೆ, ಇದರದ್ದು ಹಿಂದೆ. ಗೋಡೆ ಬಡಿದು ಮಾಡಿಕೊಂಡ ಜಾಗದಲ್ಲಿ ಅದಕ್ಕೆ ಎಡೆ ಇರಲಿಲ್ಲ. 1967ರಲ್ಲಿ ಟೈಗರ್ ನಿಂತುಹೋಯಿತು. ಒಂದು ಎಂಜಿನ್ನಿನ ಆಕಾರಕ್ಕೆ ಮಾತ್ರ ಹೊಂದುವ ಹಾಗೆ ಕೊರೆದ ಗೂಡಿಗೆ ಇನ್ನೊಂದು ಹಕ್ಕಿ ಬರಲಿಲ್ಲ.

ಇನ್ನು ನನ್ನ ಮುಖ್ಯ ಕಥೆಗೆ ಬರ್ತೀನಿ. ಇದೂ ಬ್ರಿಟನ್ನಿನದ್ದೇ, ಅದೇ ಕಾಲದ್ದು. ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್ ಅನ್ನುವ ಊರಲ್ಲಿ ಎಂಜಿ ಕಂಪನಿಯ ಕಾರ್ಖಾನೆ ಇತ್ತು. 1962ರಲ್ಲಿ ಅಲ್ಲಿಂದ ಎಂಜಿಬಿ ಬಂತು. ಬಿಡಿಯಾದ ಚಾಸಿಸ್ ಇಲ್ಲದ, ಬಾಡಿಯೇ ಚಾಸಿಸ್ ಆಗಿರುವ ಮಾನೊಕಾಕ್ ಕಾರು ಅದು. ಎಂಜಿನ್ 1798 ಸಿಸಿಯ ನಾಲ್ಕು ಸಿಲಿಂಡರ್. ಎರಡು ವಿಷಯ ಇಲ್ಲಿ ನೆನಪಿಟ್ಟುಕೊಳ್ಳಿ. ಒಂದು, ಇದರ ಮುಂದಿನ ಕ್ರಾಸ್‌ಮೆಂಬರ್ ಬಾಡಿಗೆ ವೆಲ್ಡ್ ಆಗಿರಲಿಲ್ಲ. ಸ್ಪ್ರಿಂಗ್, ಡ್ಯಾಂಪರ್, ಸ್ಟೇರಿಂಗ್ ರ‍್ಯಾಕ್ ಎಲ್ಲವನ್ನೂ ಹೊತ್ತ ಆ ತೊಲೆ ನಾಲ್ಕು ಉದ್ದನೆ ಬೋಲ್ಟುಗಳಲ್ಲಿ, ರಬ್ಬರ್ ಪ್ಯಾಡ್‌ಗಳ ಮೇಲೆ ಬಾಡಿಗೆ ಕಚ್ಚಿಕೊಂಡಿತ್ತು. ಬೋಲ್ಟ್ ಬಿಚ್ಚಿ, ಬ್ರೇಕ್ ಪೈಪು ಮತ್ತು ಸ್ಟೇರಿಂಗ್ ಕೊಂಡಿ ಕಳಚಿದರೆ ಮುಂದಿನ ಸಸ್ಪೆನ್ಷನ್ ಪೂರ್ತಿ ಒಂದೇ ಗಂಟಾಗಿ ಕೆಳಗೆ ಇಳಿಯುತ್ತಿತ್ತು. ಎರಡು, ಎಂಜಿನ್ ಜಾಗ ಬೇಕಾದ್ದಕ್ಕಿಂತ ಅಗಲವಾಗಿತ್ತು. ಆಗ ಮಾತೃಸಂಸ್ಥೆ ಬಿಎಂಸಿ ಹೊಸ ವಿ4, ವಿ6 ಎಂಜಿನ್‌ಗಳ ಯೋಚನೆಯಲ್ಲಿತ್ತು. ಆ ಎಂಜಿನ್‌ಗಳು ಕೊನೆಗೆ ಬರಲೇ ಇಲ್ಲ. ಬಾನೆಟ್ ಕೆಳಗೆ ಖಾಲಿ ಜಾಗ ಮಾತ್ರ ಉಳಿಯಿತು.

ಐದು ವರ್ಷದ ನಂತರ ಎಂಜಿಯವರು ಇದೇ ಕಾರಿಗೆ ದೊಡ್ಡ ಎಂಜಿನ್ ಹಾಕಲು ಹೊರಟರು. ಆಸ್ಟಿನ್-ಹೀಲಿ 3000 ಅನ್ನುವ ಹಳೆಯ ದೈತ್ಯ ಕಾರಿಗೆ ವಯಸ್ಸಾಗಿತ್ತು, ಆ ಜಾಗ ತುಂಬಬೇಕಿತ್ತು. ಕೈಯಲ್ಲಿ ಇದ್ದದ್ದು 2912 ಸಿಸಿಯ, ಸಾಲಾಗಿ ಆರು ಸಿಲಿಂಡರ್ ಇರುವ, ಎರಕದ ಕಬ್ಬಿಣದ ಎಂಜಿನ್. ಆಸ್ಟಿನ್ 3 ಲೀಟರ್ ಅನ್ನುವ ದೊಡ್ಡ ಸಲೂನ್ ಕಾರಿಗೂ ಅದೇ. ಉದ್ದ, ಎತ್ತರ, ಜೊತೆಗೆ ಭಾರ. ಎಂಜಿಬಿಯ ನಾಲ್ಕು ಸಿಲಿಂಡರ್ ಎಂಜಿನ್‌ಗಿಂತ ಸುಮಾರು 95 ಕೆಜಿ ಹೆಚ್ಚು.

ಈ ಎಂಜಿನ್ ಇಳಿಸಲು ಹೋದರೆ ಕ್ರಾಸ್‌ಮೆಂಬರ್ ಅಡ್ಡ ಬಂತು. ಬೋಲ್ಟಿನ ತೊಲೆ ಅಲ್ಲಿದ್ದರೆ ಸಂಪ್‌ಗೆ ಜಾಗ ಇಲ್ಲ. ಹಾಗಾಗಿ ಆ ತೊಲೆಯನ್ನೇ ಕೈಬಿಟ್ಟು, ಅದರ ಜೊತೆ ಕಾಯಿಲ್ ಸ್ಪ್ರಿಂಗ್‌ಗಳನ್ನೂ ಕೈಬಿಟ್ಟು, ಮುಂಭಾಗವನ್ನು ಪೂರ್ತಿ ಬೇರೆ ಥರ ಕಟ್ಟಿದರು. ಚಕ್ರದ ಭಾರ ಹೊರಲು ಉದ್ದನೆಯ ಟಾರ್ಷನ್ ಬಾರ್‌ಗಳನ್ನು, ಅಂದರೆ ತಿರುಚಿಕೊಂಡು ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಸರಳುಗಳನ್ನು, ಹಿಂದಕ್ಕೆ ಚಾಚಿ ಸೀಟಿನ ಅಡಿಯ ನೆಲಕ್ಕೆ ಕಟ್ಟಿದರು. ಅದಕ್ಕಾಗಿ ನೆಲದ ರಚನೆಯೂ ಬದಲಾಯಿತು. ಎಂಜಿನ್ನಿನ ಎತ್ತರಕ್ಕೆ ಬಾನೆಟ್ ಮೇಲೆ ಒಂದು ಉಬ್ಬು ಬಂತು. ಚಕ್ರಗಳು 14 ಇಂಚಿನಿಂದ 15 ಇಂಚಿಗೆ ಏರಿದವು. 1967ರಲ್ಲಿ ಈ ಕಾರು ಎಂಜಿಸಿ ಅನ್ನುವ ಹೆಸರಲ್ಲಿ ಬಂತು. ಆಸ್ಟಿನ್-ಹೀಲಿ ಹೆಸರಲ್ಲೂ ಇದನ್ನೇ ಮಾರುವ ಯೋಜನೆ ಇತ್ತು, ಆದರೆ ಡೊನಾಲ್ಡ್ ಹೀಲಿ ತಮ್ಮ ಹೆಸರು ಹಾಕಲು ಒಪ್ಪಲಿಲ್ಲ.

ಪತ್ರಿಕೆಯವರು ಓಡಿಸಿ ನೋಡಿ ಮೂಗು ಮುರಿದರು. ಮೂತಿ ಭಾರ, ತಿರುವಿನಲ್ಲಿ ನೇರಕ್ಕೆ ಎಳೆಯುತ್ತೆ ಅಂದರು. 1969ಕ್ಕೆ ಎಂಜಿಸಿ ಮುಗಿಯಿತು. ಒಟ್ಟು ಸುಮಾರು 9,000 ಕಾರು. ಅಷ್ಟು ಕಷ್ಟಪಟ್ಟು ಕಟ್ಟಿದ ಮುಂಭಾಗ ಬೇರೆ ಯಾವ ಮಾದರಿಗೂ ಹೋಗಲಿಲ್ಲ.

ಅಬಿಂಗ್ಡನ್‌ನ ಎಂಜಿನಿಯರ್‌ಗಳು ದಡ್ಡರೇನೂ ಅಲ್ಲ. ಮೇಲಿನವರು ಕೊಟ್ಟ ಎಂಜಿನ್ ಅದು, ಅದನ್ನೇ ಕೂರಿಸಬೇಕು. ಸಾಫ್ಟ್‌ವೇರ್ ಕೆಲಸದಲ್ಲಿ ಇರೋರಿಗೆ ಈ ಪರಿಸ್ಥಿತಿ ಬಿಡಿಸಿ ಹೇಳಬೇಕಾಗಿಲ್ಲ. ಯಾವ ಡೇಟಾಬೇಸ್ ಅಂತ ಮೇಲೆ ತೀರ್ಮಾನ ಆಗಿರುತ್ತೆ, ಮಿಕ್ಕಿದ್ದನ್ನೆಲ್ಲ ಅದಕ್ಕೆ ತಕ್ಕಂತೆ ಒಡೆದು ಕಟ್ಟೋದು ನಮ್ಮ ಪಾಲಿಗೆ.

ಎಂಜಿಬಿಗೆ ಹೇಳಿಮಾಡಿಸಿದ ಎಂಜಿನ್ ಅಷ್ಟರಲ್ಲಾಗಲೇ ಹುಟ್ಟಿತ್ತು, ಬೇರೆ ಖಂಡದಲ್ಲಿ. 1961ರ ಮಾದರಿ ಕಾರುಗಳಿಗಾಗಿ ಜನರಲ್ ಮೋಟರ್ಸ್‌ನ ಬ್ಯೂಕ್ ವಿಭಾಗ 3.5 ಲೀಟರಿನ ಅಲ್ಯುಮಿನಿಯಂ ವಿ8 ತಂದಿತ್ತು. ತೂಕ 145 ಕೆಜಿ ಆಸುಪಾಸು. ಎಂಟು ಸಿಲಿಂಡರ್ ಇದ್ದರೂ ಎಂಜಿಬಿಯ ಕಬ್ಬಿಣದ ನಾಲ್ಕು ಸಿಲಿಂಡರಿಗಿಂತ ಭಾರ ಇಲ್ಲ. ಆದರೆ ಅಲ್ಯುಮಿನಿಯಂ ಎರಕದ ತಾಪತ್ರಯ, ಖರ್ಚು, ಅಷ್ಟರಲ್ಲಿ ಬಂದ ಅಗ್ಗದ ತೆಳು ಗೋಡೆಯ ಕಬ್ಬಿಣದ ಎರಕ, ಇವೆಲ್ಲ ಸೇರಿ 1963ರ ಹೊತ್ತಿಗೆ ಜನರಲ್ ಮೋಟರ್ಸ್ ಅದನ್ನು ಕೈಬಿಟ್ಟಿತು. ರೋವರ್ ಕಂಪನಿಯ ಅಮೆರಿಕ ಮುಖ್ಯಸ್ಥ ಬ್ರೂಸ್ ಮೆಕ್‌ವಿಲಿಯಮ್ಸ್ ಕಣ್ಣಿಗೆ ಈ ಎಂಜಿನ್ ಬಿದ್ದದ್ದು ದೋಣಿ ಎಂಜಿನ್ ಮಾಡುವ ಮರ್ಕ್ಯುರಿ ಮರೀನ್ ಕಾರ್ಯಾಗಾರದಲ್ಲಿ. 1965ರಲ್ಲಿ ರೋವರ್ ಅದರ ಹಕ್ಕು ಕೊಂಡಿತು. ನಿವೃತ್ತಿಯ ಅಂಚಿನಲ್ಲಿದ್ದ ಬ್ಯೂಕ್‌ನ ಎಂಜಿನ್ ವಿನ್ಯಾಸಕ ಜೋ ಟರ್ಲಿ ಇಂಗ್ಲೆಂಡಿಗೆ ಬಂದು ಸಹಾಯ ಮಾಡಿದರು. 1967ರಿಂದ ರೋವರ್ ಕಾರುಗಳಲ್ಲಿ, 1970ರಲ್ಲಿ ರೇಂಜ್ ರೋವರ್‌ನಲ್ಲಿ ಅದು ಓಡತೊಡಗಿತು. ಎಂಜಿಸಿ ವಿನ್ಯಾಸ ಆಗುತ್ತಿದ್ದಾಗ ರೋವರ್ ಬೇರೆ ಮನೆ, ಎಂಜಿ ಬೇರೆ ಮನೆ. 1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಅನ್ನುವ ಒಂದೇ ಸೂರಿನಡಿ ಬಂದವು.

ಸೂರು ಒಂದಾದರೂ ಒಳಗಿನವರಿಗೆ ಕಾಣದ್ದು ಹೊರಗಿನವನಿಗೆ ಕಂಡಿತು. ಕೆನ್ ಕಾಸ್ಟೆಲೊ ಮಿನಿ ಕಾರುಗಳಲ್ಲಿ ರೇಸ್ ಮಾಡುತ್ತಿದ್ದ ಚಾಲಕ. ಕೆಂಟ್ ಪ್ರಾಂತದ ತನ್ನ ವರ್ಕ್‌ಶಾಪಿನಲ್ಲಿ 1970ರ ಹೊತ್ತಿಗೆ ಆತ ಎಂಜಿಬಿಗೆ ಈ 3.5 ಲೀಟರ್ ವಿ8 ಕೂರಿಸಿದ. ವಿ8 ಅಗಲ ಜಾಸ್ತಿ, ಉದ್ದ ಕಮ್ಮಿ. ಅಗಲ ಬೇಕಾದ ಕಡೆ ಎಂದೂ ಬಾರದ ವಿ4, ವಿ6ಗಳಿಗಾಗಿ ಬಿಟ್ಟಿದ್ದ ಜಾಗ ಇತ್ತು. ಭಾರ ಹೆಚ್ಚದೆ ಇದ್ದದ್ದರಿಂದ ಮುಂದಿನ ಸಸ್ಪೆನ್ಷನ್ ಹೊಸದಾಗಿ ಕಟ್ಟಬೇಕಾಗಲಿಲ್ಲ. ಕ್ರಾಸ್‌ಮೆಂಬರ್ ತನ್ನ ನಾಲ್ಕು ಬೋಲ್ಟುಗಳ ಮೇಲೆ ಎಲ್ಲಿತ್ತೋ ಅಲ್ಲೇ ಉಳಿಯಿತು. ಕಾರ್ಬುರೇಟರ್‌ಗಳು ಎತ್ತರವಾಗಿದ್ದರಿಂದ ಬಾನೆಟ್ ಮೇಲೆ ಒಂದು ಉಬ್ಬು ಮಾತ್ರ ಬೇಕಾಯಿತು. ದೊಡ್ಡ ಕಾರ್ಖಾನೆ ನೆಲವನ್ನೇ ಅಗೆದು ಮಾಡಿದ ಕೆಲಸವನ್ನು ಒಂದು ಸಣ್ಣ ವರ್ಕ್‌ಶಾಪ್ ನೆಲ ಮುಟ್ಟದೆ ಮಾಡಿತ್ತು.

ಬ್ರಿಟಿಷ್ ಲೇಲ್ಯಾಂಡ್‌ನವರು ಕಾಸ್ಟೆಲೊ ಕಾರನ್ನು ತರಿಸಿಕೊಂಡು ನೋಡಿದರು. ಆಮೇಲೆ ಅಬಿಂಗ್ಡನ್‌ಗೆ ನೀವೇ ಒಂದು ಮಾಡಿ ಅಂತ ಆದೇಶ ಹೋಯಿತು. ಅಲ್ಲಿಯವರು ಕಾರ್ಬುರೇಟರ್‌ಗಳನ್ನು ಹಿಂದಕ್ಕೆ ಸರಿಸಿ ಬಾನೆಟ್ಟಿನ ಉಬ್ಬನ್ನೂ ಇಲ್ಲವಾಗಿಸಿದರು. 1973ರ ಆಗಸ್ಟ್‌ನಲ್ಲಿ ಎಂಜಿಬಿ ಜಿಟಿ ವಿ8 ಬಂತು: 137 ಹಾರ್ಸ್‌ಪವರ್, ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗ. ಎರಡೇ ತಿಂಗಳಲ್ಲಿ, ಅಕ್ಟೋಬರ್‌ನಲ್ಲಿ, ಜಗತ್ತಿನ ತೈಲ ಬಿಕ್ಕಟ್ಟು ಶುರುವಾಯಿತು. ಪೆಟ್ರೋಲಿಗೆ ಸಾಲು ನಿಂತ ಜನಕ್ಕೆ ವಿ8 ಯಾರಿಗೆ ಬೇಕು? 1976ರಲ್ಲಿ ನಿಲ್ಲಿಸುವ ಹೊತ್ತಿಗೆ ತಯಾರಾದದ್ದು 2,591 ಕಾರು. 1980ರಲ್ಲಿ ಅಬಿಂಗ್ಡನ್ ಕಾರ್ಖಾನೆಯೇ ಮುಚ್ಚಿತು.

ಅಂದರೆ ಸರಿಯಾದ ಎಂಜಿನಿಯರಿಂಗ್ ಕೂಡ ತಪ್ಪು ಕಾಲಕ್ಕೆ ಬಂದರೆ ಮಾರುಕಟ್ಟೆಯಲ್ಲಿ ಉಳಿಯಲ್ಲ. ಎಂಜಿಸಿಯೂ ಸೋತಿತು, ವಿ8 ಕೂಡ ದುಡ್ಡು ಮಾಡಲಿಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿ? ಆಮೇಲೆ ಏನಾಯಿತು ಅನ್ನೋದರಲ್ಲಿ. ಎಂಜಿಬಿಗೆ ವಿ8 ಹಾಕುವ ಹವ್ಯಾಸ ಇವತ್ತಿಗೂ ಬ್ರಿಟನ್, ಅಮೆರಿಕ ಎರಡೂ ಕಡೆ ಜೀವಂತವಾಗಿದೆ. ಹಳೆಯ ಲಿವರ್ ಡ್ಯಾಂಪರ್ ಬೇಡ ಅನ್ನೋರಿಗೆ ಹೊಸ ವಿಷ್‌ಬೋನ್, ಹೊಸ ಡ್ಯಾಂಪರ್ ಸಮೇತ ಪೂರ್ತಿ ಕ್ರಾಸ್‌ಮೆಂಬರೇ ಸಿಗುತ್ತೆ, ಹಳೆಯ ಬೋಲ್ಟಿನ ತೂತುಗಳಿಗೇ ಹೊಂದುವ ಹಾಗೆ. ಬೋಲ್ಟಿನ ತೊಲೆ ಮೂಲದಲ್ಲಿ ಎಂಜಿನ್ ಬದಲಾಯಿಸಲಿ ಅಂತ ಇಟ್ಟದ್ದಲ್ಲ. ಸಸ್ಪೆನ್ಷನ್ನನ್ನು ಬೆಂಚಿನ ಮೇಲೆ ಆರಾಮಾಗಿ ಜೋಡಿಸಿ ಬಾಡಿಗೆ ಹಿಡಿಸಲು, ರಿಪೇರಿಗೆ ಇಳಿಸಲು ಅದರಿಂದ ಸುಲಭ. ಆ ಅನುಕೂಲವೇ ಅರವತ್ತು ವರ್ಷ ಆದಮೇಲೂ ಬೇರೆಯವರ ಕೈಗೆ ಉಪಯೋಗಕ್ಕೆ ಬರುತ್ತಿದೆ.

ಹಾಗಾದರೆ ಎಲ್ಲಾ ಕ್ರಾಸ್‌ಮೆಂಬರ್‌ಗಳನ್ನೂ ಕತ್ತರಿಸಿ ಬೋಲ್ಟ್ ಹಾಕಿಬಿಟ್ಟರೆ ಆಯಿತಲ್ಲ? ವೆಲ್ಡ್ ಆಗಿರುವ ಹಳೆಯ ಕಾರುಗಳಲ್ಲಿ ಎಂಜಿನ್ ಬದಲಿಸುವವರು ನಿಜವಾಗಲೂ ಮಾಡೋದು ಇದನ್ನೇ. ಆದರೆ ಅದು ಕಾಣುವಷ್ಟು ಸುಲಭ ಅಲ್ಲ. ಕಷ್ಟ ಎಲ್ಲಿದೆ ಅಂತ ಒಂದೆರಡು ಮಾತು.

ವೆಲ್ಡ್ ಆದ ತೊಲೆಯನ್ನು ಕತ್ತರಿಸಿದ ಕ್ಷಣವೇ ಹಳಿಗಳು ಸ್ವತಂತ್ರ. ಮಿಲಿಮೀಟರ್ ಲೆಕ್ಕದಲ್ಲಿ ಹತ್ತಿರ ಬರಬಹುದು, ದೂರ ಹೋಗಬಹುದು. ಅದಕ್ಕೇ ಕತ್ತರಿಸೋ ಮೊದಲೇ ಹಳಿಗಳ ನಡುವೆ ತಾತ್ಕಾಲಿಕ ಊರೆ ಕೊಟ್ಟು ಅಳತೆ ಬರೆದಿಟ್ಟುಕೊಳ್ಳಬೇಕು. ಇನ್ನು, ಹಳಿ ಅನ್ನೋದು ಒಳಗೆ ಟೊಳ್ಳಾದ ಉಕ್ಕಿನ ಡಬ್ಬಿ. ಅದರ ಮೂಲಕ ಬೋಲ್ಟ್ ತೂರಿಸಿ ಬಿಗಿದರೆ ಡಬ್ಬಿ ಚಪ್ಪಟೆಯಾಗುತ್ತೆ, ಬೋಲ್ಟಿನ ಬಿಗಿ ನಿಲ್ಲಲ್ಲ. ಹಳಿಯೊಳಗೆ ಅಡ್ಡಲಾಗಿ ದಪ್ಪ ಉಕ್ಕಿನ ನಳಿಕೆ ತೂರಿಸಿ ವೆಲ್ಡ್ ಮಾಡಿ, ಅದರೊಳಗೆ ಬೋಲ್ಟ್ ಬರುವ ಹಾಗೆ ಮಾಡಬೇಕು. ಆಗ ಒತ್ತಡವನ್ನು ನಳಿಕೆ ತಗೊಳ್ಳುತ್ತೆ.

ಬೋಲ್ಟಿನ ಬಗ್ಗೆ ನಾವು ಸಾಮಾನ್ಯವಾಗಿ ಅಂದುಕೊಂಡಿರೋದು ಅದು ಮೊಳೆಯ ಹಾಗೆ ಅಡ್ಡ ನಿಂತು ತಡೆಯುತ್ತೆ ಅಂತ. ಹಾಗಲ್ಲ. ಉಕ್ಕಿಗೆ ಉಕ್ಕು ಕೂಡುವ ಇಂಥ ಜೋಡಣೆಯಲ್ಲಿ ಬೋಲ್ಟ್ ಎರಡು ಮುಖಗಳನ್ನು ಒಂದಕ್ಕೊಂದು ಅಮುಕಿ ಹಿಡಿಯುತ್ತೆ, ಆ ಅಮುಕಿನಿಂದ ಹುಟ್ಟುವ ಘರ್ಷಣೆ ಭಾರ ತಡೆಯುತ್ತೆ. ಹಾಗಾಗಿ ಕೂಡುವ ಮುಖಗಳು ಸಮತಟ್ಟಾಗಿರಬೇಕು, ನಡುವೆ ದಪ್ಪ ಬಣ್ಣ ಇರಬಾರದು, ಟಾರ್ಕ್ ವ್ರೆಂಚ್‌ನಲ್ಲಿ ಅಳತೆಗೆ ಬಿಗಿಯಬೇಕು. ಬಿಚ್ಚಿ ಮತ್ತೆ ಹಾಕಿದಾಗ ತೊಲೆ ಕೂದಲೆಳೆಯಷ್ಟು ಆ ಕಡೆ ಈ ಕಡೆ ಕೂತರೂ ಅದಕ್ಕೆ ಕಟ್ಟಿದ ಚಕ್ರದ ಅಲೈನ್‌ಮೆಂಟ್ ಹೋಯಿತು. ಅದಕ್ಕೆ ಸ್ಥಾನ ಹಿಡಿಯೋದಕ್ಕೇ ಬೇರೆ ಡೋವೆಲ್ ಪಿನ್‌ಗಳು. ಕೊನೆಗೆ, ಎಂಜಿನ್ ರಬ್ಬರ್ ಮೇಲೆ ಕೂತು ಅಲ್ಲಾಡುತ್ತೆ, ಹಾಗಾಗಿ ಸಂಪ್‌ಗೂ ತೊಲೆಗೂ ನಡುವೆ ಒಂದು ಬೆರಳಾದರೂ ತೂರುವಷ್ಟು ಜಾಗ ಇರಬೇಕು. ನಿಂತಾಗ ತಾಗದ್ದು ಗುಂಡಿ ಹಾರಿದಾಗ ತಾಗುತ್ತೆ.

ಇಷ್ಟೆಲ್ಲ ಮಾಡಿದ ಮೇಲೂ ಬೋಲ್ಟಿನ ತೊಲೆ ವೆಲ್ಡಿನ ತೊಲೆಗಿಂತ ತುಸು ಭಾರ. ಆಗಾಗ ಬಿಗಿ ನೋಡಿಕೊಳ್ಳುವ ಕೆಲಸ ಬೇರೆ. ಹಳ್ಳಿಯಲ್ಲಿ ಬೆಳೆದವರಿಗೆ ಎತ್ತಿನ ಗಾಡಿಯ ಕಡಾಣಿ ಗೊತ್ತಿರುತ್ತೆ, ಅಚ್ಚಿನ ತುದಿಯಲ್ಲಿ ಚಕ್ರ ಕಳಚದ ಹಾಗೆ ಹಾಕುವ ಸಣ್ಣ ಕಬ್ಬಿಣದ ಕಡ್ಡಿ. ಸಂತೆಗೆ ಹೋಗಿ ಬರೋವರೆಗೂ ಬೀಳಬಾರದು. ಚಕ್ರಕ್ಕೆ ಎಣ್ಣೆ ಹಾಕೋಕೆ ಕೂತಾಗ ಎರಡು ಏಟಿಗೆ ಕೈಗೆ ಬರಬೇಕು. ಎರಡೂ ಗುಣ ಒಟ್ಟಿಗೆ ಇರಬೇಕು ಅನ್ನೋದೇ ಅದರ ಕಷ್ಟ. ಕಡಾಣಿ ಇದೆಯಾ ಅಂತ ಹೊರಡೋ ಮುಂಚೆ ನೋಡದ ಗಾಡಿಯವನನ್ನು ಯಾರೂ ಜಾಣ ಅನ್ನಲ್ಲ.

ಈ ಕಥೆಯ ಎರಡು ಎಳೆಗಳು ನಮ್ಮ ದೇಶದವರೆಗೂ ಬಂದಿವೆ. ಎಂಜಿಬಿಯ ನಾಲ್ಕು ಸಿಲಿಂಡರ್ ಎಂಜಿನ್ ಬಿಎಂಸಿಯ ‘ಬಿ-ಸೀರೀಸ್’ ವಂಶದ್ದು. ಅದೇ ವಂಶದ 1489 ಸಿಸಿಯ ಎಂಜಿನ್ ನಮ್ಮ ಅಂಬಾಸಡರ್‌ನಲ್ಲಿ ದಶಕಗಟ್ಟಲೆ ಓಡಿತು. ವಿಧಾನಸೌಧದ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಬಿಳಿ ಕಾರುಗಳೂ ಎಂಜಿಬಿಯೂ ದೂರದ ದಾಯಾದಿಗಳು. 1990ರ ದಶಕದಲ್ಲಿ ಅಂಬಾಸಡರ್‌ಗೆ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಬಂದಾಗ, ಹಳೆಯ ಬಾಡಿಗೆ ಹೊಸ ಹೃದಯ ಹಾಕುವ ಕೆಲಸ ಇಲ್ಲೂ ನಡೆಯಿತು.

ಇನ್ನೊಂದು ಎಳೆ ಸ್ವಲ್ಪ ನೋವಿನದ್ದು. ಇದೇ ರೋವರ್ ವಿ8ಗೆಂದು 1976ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಎಸ್‌ಡಿ1 ಅನ್ನುವ ಚೆಲುವಾದ ಕಾರಿನ ಬಾಡಿ 1980ರ ದಶಕದಲ್ಲಿ ಮದ್ರಾಸಿಗೆ ಬಂತು, ಸ್ಟ್ಯಾಂಡರ್ಡ್ 2000 ಅನ್ನುವ ಹೆಸರಲ್ಲಿ. ಬಾಡಿ ಬಂತು, ವಿ8 ಬರಲಿಲ್ಲ. ಅದರ ಜಾಗದಲ್ಲಿ ಕೂರಿಸಿದ್ದು ಹಳೆಯ ವ್ಯಾನ್‌ಗಾರ್ಡ್ ಕಾಲದ ವಂಶದ ಎರಡು ಲೀಟರ್ ಎಂಜಿನ್, 83 ಹಾರ್ಸ್‌ಪವರ್. ಜಾಗ ಬೇಕಾದಷ್ಟು ಇತ್ತು, ಕೂರಿಸೋದು ಕಷ್ಟವಾಗಲಿಲ್ಲ. ಎಳೆಯೋದು ಕಷ್ಟವಾಯಿತು. ಕೆಲವೇ ವರ್ಷದಲ್ಲಿ ಆ ಕಾರು ನಿಂತಿತು. ಹೊಂದಿಕೊಳ್ಳೋದು ಬೇರೆ, ಒಪ್ಪೋದು ಬೇರೆ.

ಎಂಜಿನ್ ಬದಲಾವಣೆಯ ಇತಿಹಾಸದಲ್ಲಿ ಹೆಸರು ಉಳಿಯೋದು ಶೆಲ್ಬಿಯದ್ದು, ಕಾಸ್ಟೆಲೊನದ್ದು. ಉಳಿಯಲಿ, ತಪ್ಪೇನಿಲ್ಲ. ಆದರೆ ಎಂಜಿಬಿಯ ತೊಲೆಯನ್ನು ವೆಲ್ಡ್ ಮಾಡದೆ ಬೋಲ್ಟ್ ಹಾಕಿದವರಿಗೆ, ಬಾರದ ಎಂಜಿನ್‌ಗಾಗಿ ನಾಲ್ಕು ಬೆರಳು ಅಗಲ ಹೆಚ್ಚು ಬಿಟ್ಟವರಿಗೆ, ಯಾವ ವಿ8 ಬರುತ್ತೆ ಅಂತ ಕನಸೂ ಬಿದ್ದಿರಲಿಕ್ಕಿಲ್ಲ. ನಾವು ದಿನವಿಡೀ ಕೂತು ಕಟ್ಟುವ ಸಿಸ್ಟಂಗಳನ್ನೂ ಇನ್ಯಾರೋ ಬಿಚ್ಚಬೇಕಾಗುತ್ತೆ. ಎಲ್ಲಿ ವೆಲ್ಡ್ ಮಾಡಬೇಕು, ಎಲ್ಲಿ ಬೋಲ್ಟ್ ಸಾಕು ಅನ್ನೋ ಪ್ರಶ್ನೆಯನ್ನು ಡಿಸೈನ್ ಮೀಟಿಂಗಲ್ಲಿ ಒಮ್ಮೆ ಕೇಳಿ ನೋಡಿ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಕಾರಿನ ಮುಂದಿನ ಸಬ್‌ಫ್ರೇಮ್ ಕೂಡ ಬೋಲ್ಟಿನದ್ದೇ. ಇವತ್ತು ಅಮೆರಿಕದಲ್ಲಿ ಅದಕ್ಕೆ ವಿ8 ಹಾಕೋರು ಮೊದಲು ಮಾಡುವ ಕೆಲಸ ಆ ಬೋಲ್ಟುಗಳನ್ನು ಬಿಚ್ಚೋದು.